ಮೂರು ವಾರಕ್ಕೆ ಬಂದವರು ಏನು ಬಿಟ್ಟುಹೋದರು?

ಗದಗ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮುಖ್ಯ ಶಿಕ್ಷಕಿಯಾಗಿದ್ದು ನಿವೃತ್ತಳಾದ ನನ್ನನ್ನು, ಮದುವೆಮನೆಯ ಪಂಕ್ತಿಯಿಂದ ಹಿಡಿದು ಹುಬ್ಬಳ್ಳಿಗೆ ಹೋಗುವ ಬಸ್ಸಿನವರೆಗೆ ಜನ ಕೇಳುವ ಪ್ರಶ್ನೆ ಒಂದೇ: "ಅಮೆರಿಕಾದಿಂದ ಆ ಹುಡುಗ್ರು ಬರತಿದ್ರಲ್ರಿ ಅಕ್ಕಾರ, ಮೂರು ವಾರದಾಗ ಅವ್ರು ಅದೇನು ಸೇವಾ ಮಾಡಿ ಹೋದ್ರು?" ಕೆಲವರು ಕುತೂಹಲದಿಂದ ಕೇಳುತ್ತಾರೆ, ಹೆಚ್ಚಿನವರು ಮೂಗು ಮುರಿದು ಕೇಳುತ್ತಾರೆ. ನಿಂತ ಕಾಲಲ್ಲಿ ಉತ್ತರ ಕೊಟ್ಟು ಸಾಕಾಗಿ, ಕೂತು ಬರೆಯುತ್ತಿದ್ದೇನೆ.

ಅವರು ಬರುವಂತಾದದ್ದು ನನ್ನ ತಮ್ಮನ ಮಗಳ ಮೂಲಕ. ಆಕೆ ಇರುವ ಊರಿನ ಕನ್ನಡ ಕುಟುಂಬಗಳ ಮಕ್ಕಳು, ಹದಿನಾರರಿಂದ ಇಪ್ಪತ್ತೆರಡರ ವಯಸ್ಸಿನವರು, ಐದು ವರ್ಷ ಬೇಸಿಗೆ ರಜೆಯಲ್ಲಿ ತಂಡ ಕಟ್ಟಿಕೊಂಡು ಬಂದರು. ರಜೆ ಅವರಿಗೆ, ನಮಗಲ್ಲ. ಅವರ ಬೇಸಿಗೆಯೆಂದರೆ ನಮ್ಮ ಜೂನ್, ಜುಲೈ. ಶಾಲೆ ತೆರೆದು ದಾಖಲಾತಿ ನಡೆಯುತ್ತಿರುತ್ತದೆ, ಹಿಂದಿನ ವರ್ಷ ಮಕ್ಕಳು ಕಲಿತದ್ದರಲ್ಲಿ ಎಷ್ಟು ಉಳಿದಿದೆ ಎಂದು ನೋಡುವ ಸೇತುಬಂಧದ ಪರೀಕ್ಷೆಗಳಿರುತ್ತವೆ, ಹೊಲದಲ್ಲಿ ಹೆಸರು ಬಿತ್ತುವ ಗಡಿಬಿಡಿಯಿರುತ್ತದೆ. ಅಂಥ ಹೊತ್ತಿನಲ್ಲಿ ಎಂಟು ಜನ ಅತಿಥಿಗಳು ಬಂದರೆ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ ತರುವುದರಿಂದ ಕುದಿಸಿ ಆರಿಸಿದ ನೀರು ಹೊಂದಿಸುವವರೆಗೆ ಎಲ್ಲವೂ ಇರುವ ನಾಲ್ಕು ಶಿಕ್ಷಕರ ಮೇಲೆಯೇ ಬೀಳುತ್ತದೆ. ಸೇವೆ ಮಾಡಲು ಬಂದವರಿಗೆ ಮೊದಲ ವಾರವೆಲ್ಲ ನಾವೇ ಸೇವೆ ಮಾಡಿದೆವು ಎಂದರೆ ಉತ್ಪ್ರೇಕ್ಷೆಯಲ್ಲ.

ಮೊದಲಿಗೆ ಕೆಟ್ಟದ್ದನ್ನೇ ಹೇಳಿಬಿಡುತ್ತೇನೆ. ಎರಡನೆಯ ವರ್ಷದ ತಂಡ ಶಾಲೆಯ ಪಡುವಣ ಗೋಡೆಗೆ ಭಾರತದ ನಕ್ಷೆ ಬರೆಯಬೇಕೆಂದು ಅಲ್ಲಿಂದಲೇ ನಿಶ್ಚಯಿಸಿಕೊಂಡು ಬಂದಿತ್ತು. ನಮ್ಮೂರಿನಲ್ಲಿ ಮನೆಗಳಿಗೆ ಬಣ್ಣ ಹಚ್ಚುವವನು ಕಟ್ಟೆಯ ಮೇಲೆ ಕೂತು ಒಂದು ದಿನವೆಲ್ಲ ನೋಡಿ, ಸಂಜೆ ನನ್ನ ಹತ್ತಿರ ಬಂದು, "ಹಸಿ ಗೋಡಿಗೆ ಬಣ್ಣ ನಿಲ್ಲಂಗಿಲ್ರಿ ಅಕ್ಕಾರ, ಮಳಿಗಾಲ ಕಳೀಲಿ" ಎಂದ. ತಂಡದ ಜೊತೆ ಬಂದಿದ್ದ ಹಿರಿಯರಿಗೆ ಅದನ್ನು ತಿಳಿಸಿದೆ, ಅವರ ವೇಳಾಪಟ್ಟಿಯಲ್ಲಿ ಮಳೆಗಾಲ ಕಳೆಯುವವರೆಗೆ ಜಾಗವಿರಲಿಲ್ಲ. ದೀಪಾವಳಿಯ ಹೊತ್ತಿಗೆ ಕೇರಳವೂ ಅರ್ಧ ತಮಿಳುನಾಡೂ ಉದುರಿ ನೆಲಕ್ಕೆ ಬಿದ್ದಿದ್ದವು. ಆ ಕೆಲಸವನ್ನು ಆ ಮನುಷ್ಯನಿಗೆ ಕೊಟ್ಟಿದ್ದರೆ ಅವನಿಗೆ ನಾಲ್ಕು ದಿನದ ಕೂಲಿ ಸಿಗುತ್ತಿತ್ತು, ಗೋಡೆಗೆ ನಕ್ಷೆಯೂ ಉಳಿಯುತ್ತಿತ್ತು. ಕೈ ತೊಳೆಯುವುದನ್ನು ಹಾಡು ಕಟ್ಟಿ ಕಲಿಸಲು ಬಂದ ಇನ್ನೊಂದು ತಂಡದ ಕಥೆಯೂ ಹೀಗೆಯೇ ಆಯಿತು. ನಮ್ಮ ಮಕ್ಕಳಿಗೆ ಕೈ ತೊಳೆಯಲು ಬರುತ್ತಿತ್ತು, ನಲ್ಲಿಗೆ ನೀರು ಬರುತ್ತಿರಲಿಲ್ಲ.

ಇದನ್ನು ಕೇಳಿದವರು ತಪ್ಪದೆ ಹೇಳುವ ಮಾತೊಂದಿದೆ: ವಿಮಾನದ ಟಿಕೆಟ್ಟಿನ ದುಡ್ಡನ್ನೇ ಕಳಿಸಿದ್ದರೆ ಅತಿಥಿ ಶಿಕ್ಷಕರೊಬ್ಬರಿಗೆ ಎಷ್ಟೋ ತಿಂಗಳ ಗೌರವಧನವಾಗುತ್ತಿತ್ತಲ್ಲ ಎಂದು. ಲೆಕ್ಕ ಸರಿ. ಆದರೆ ಆ ದುಡ್ಡು ಶಾಲೆಗೆ ಬರಬೇಕಾಗಿದ್ದದ್ದು ದಾರಿ ತಪ್ಪಿ ವಿಮಾನದ ಕಂಪನಿಗೆ ಹೋದದ್ದಲ್ಲ. ಅದು ತಂದೆತಾಯಿ ಮಕ್ಕಳ ರಜೆಗೆಂದು ಎತ್ತಿಟ್ಟದ್ದು, ಇಲ್ಲಿಗೆ ಬಾರದಿದ್ದರೆ ಬೇರೊಂದು ಪ್ರವಾಸಕ್ಕೆ ಖರ್ಚಾಗುತ್ತಿತ್ತು. ಆದ್ದರಿಂದ ಬಂದ ಮೇಲೆ ಏನಾಯಿತು ಎಂಬುದನ್ನಷ್ಟೇ ನೋಡುವುದು ನ್ಯಾಯ.

ಮೂರನೆಯ ವರ್ಷ ಬಂದವರಲ್ಲಿ ಒಬ್ಬ ಹುಡುಗಿ ಹೆಚ್ಚು ಮಾತಾಡುತ್ತಿರಲಿಲ್ಲ. ಎರಡು ದಿನ ಆರನೆಯ ತರಗತಿಯ ಹಿಂದೆ ಸುಮ್ಮನೆ ಕೂತಿದ್ದು, ಮೂರನೆಯ ದಿನ ನನ್ನನ್ನು ಕೇಳಿದಳು: "ಆಂಟಿ, ಕೊನೇ ಬೆಂಚಿನ ಆ ಎತ್ತರದ ಹುಡುಗ ಬೋರ್ಡ್ ನೋಡೋದೇ ಇಲ್ಲ, ಪಕ್ಕದವನ ನೋಟ್‌ಬುಕ್ ನೋಡಿ ಬರೀತಾನೆ, ಯಾಕೆ?" ಅವನು ನನ್ನ ಶಾಲೆಯಲ್ಲಿ ಒಂದನೆಯ ತರಗತಿಯಿಂದ ಇದ್ದವನು. ಎತ್ತರವಾಗಿದ್ದಾನೆ, ಹಿಂದೆ ಕೂರಲಿ ಎಂದು ಅಲ್ಲಿ ಕೂರಿಸಿದವಳು ನಾನು. ಅವನ ಪ್ರಗತಿಪತ್ರದಲ್ಲಿ "ಗಮನ ಸಾಲದು" ಎಂದು ಬರೆದ ಕೈಬರಹವೂ ನನ್ನದೇ. ಅವನಿಗೆ ಕರಿಹಲಗೆಯ ಮೇಲಿನ ಅಕ್ಷರ ಕಾಣುತ್ತಿರಲಿಲ್ಲ.

ಆ ಹುಡುಗಿ ಮತ್ತು ಅವಳ ಜೊತೆಗಾರ ಗದಗಕ್ಕೆ ಹೋಗಿ ಕಣ್ಣು ಪರೀಕ್ಷೆಯ ಚಾರ್ಟೊಂದನ್ನು ತಂದರು. ಇಂಗ್ಲಿಷಿನ ಇ ಅಕ್ಷರ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಹೊರಳಿ ನಿಂತಿರುವ, ಸಾಲಿನಿಂದ ಸಾಲಿಗೆ ಸಣ್ಣದಾಗುತ್ತ ಹೋಗುವ ಹಾಳೆ ಅದು. ಓದು ಬಾರದ ಮಗುವೂ ಆ ಮೂರು ಹಲ್ಲು ಯಾವ ಕಡೆಗಿವೆ ಎಂದು ಬೆರಳಿನಿಂದ ತೋರಿಸಿದರೆ ಸಾಕು. ಪಡಸಾಲೆಯ ಗೋಡೆಗೆ ಅದನ್ನು ಕಟ್ಟಿ, ಟೇಪು ಹಿಡಿದು 6 ಮೀಟರ್ ಅಳೆದು, ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದರು. ಮಕ್ಕಳು ಒಬ್ಬೊಬ್ಬರಾಗಿ ಗೆರೆಯ ಮೇಲೆ ನಿಂತು, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಇನ್ನೊಂದು ಕೈಯಿಂದ ದಿಕ್ಕು ತೋರಿಸಿದರು. ಚಿಕ್ಕವರು ಬೆರಳ ಸಂದಿಯಿಂದ ಇಣುಕಿ ಮೋಸ ಮಾಡುತ್ತಿದ್ದರು, ಅವರಿಗೆ ರಟ್ಟಿನ ತುಂಡು ಕೊಡಬೇಕಾಯಿತು. ಮೊದಲ ದಿನ ಇವರಿಬ್ಬರು ಮಾಡಿದರು, ಮರುದಿನ ನಮ್ಮ ಶಿಕ್ಷಕರಿಂದಲೇ ಮಾಡಿಸಿ ತಾವು ಪಕ್ಕದಲ್ಲಿ ನಿಂತರು. ಕೊನೆಗೆ 11 ಮಕ್ಕಳ ಹೆಸರು ಪಟ್ಟಿಯಲ್ಲಿ ನಿಂತವು.

ಇದರಲ್ಲಿ ಅಮೆರಿಕದ್ದೇನೂ ಇಲ್ಲ ಎಂಬುದೂ ನನಗೆ ಗೊತ್ತು. ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಆರಂಭವಾದದ್ದು 1976ರಲ್ಲಿ, ಶಾಲಾ ಮಕ್ಕಳಿಗೆ ಉಚಿತ ಕನ್ನಡಕ ಕೊಡುವುದು ಅದರ ಭಾಗವೇ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬಂದು ಮಕ್ಕಳ ತಪಾಸಣೆ ಮಾಡುವ ವ್ಯವಸ್ಥೆಯೂ ಇದೆ. ಆದರೆ ಆ ತಂಡ ಬರುವ ದಿನ ಮಗು ಗೈರುಹಾಜರಾಗಿದ್ದರೆ, ಅಥವಾ ಗದ್ದಲದಲ್ಲಿ ಸಾಲು ಬೇಗ ಸರಿದುಬಿಟ್ಟರೆ, ಆ ವರ್ಷ ಹೋಯಿತು. ಈ ಬಾರಿ ನಮ್ಮ ಕೈಯಲ್ಲಿ ಹೆಸರುಗಳಿದ್ದವು. ಪಟ್ಟಿ ಹಿಡಿದು ನೇತ್ರಾಧಿಕಾರಿಗಳ ಹತ್ತಿರ ಹೋದೆವು, ಕನ್ನಡಕಗಳು ಬಂದವು. ಆ ಎತ್ತರದ ಹುಡುಗ ಕನ್ನಡಕ ಹಾಕಿಕೊಂಡ ದಿನ ಕರಿಹಲಗೆಯನ್ನಲ್ಲ, ಕಿಟಕಿಯಾಚೆಯ ಬೇವಿನ ಮರವನ್ನು ಬಹಳ ಹೊತ್ತು ನೋಡಿದ. ನಾನು ಏನೂ ಮಾತಾಡಲಿಲ್ಲ. ಸುಣ್ಣದ ಗೆರೆಯ ಜಾಗದಲ್ಲಿ ಈಗ ಆಯಿಲ್ ಪೇಂಟಿನ ಗೆರೆಯಿದೆ, ಪ್ರತಿ ಜೂನ್‌ನಲ್ಲಿ ಸೇತುಬಂಧದ ಜೊತೆಗೇ ಕಣ್ಣಿನ ಪರೀಕ್ಷೆಯೂ ಆಗುತ್ತದೆ. ಏನು ಉಳಿಯಿತು ಎಂದು ಕೇಳುವವರಿಗೆ ನಾನು ತೋರಿಸುವುದು ಆ ಗೆರೆಯನ್ನು.

ಇನ್ನೊಂದು ಸಂಗತಿಯನ್ನು ತೋರಿಸಲು ಬರುವುದಿಲ್ಲ. ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಮನೆಯ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಒಬ್ಬ ಹುಡುಗ ಅಕ್ಷರಮಾಲೆ ಕಲಿತು ಬಂದಿದ್ದನಾದರೂ ಒತ್ತಕ್ಷರಕ್ಕೆ ಬಂದು ನಿಂತುಬಿಟ್ಟಿದ್ದ. ನಲಿ-ಕಲಿ ತರಗತಿಯಲ್ಲಿ ಮಕ್ಕಳ ನಡುವೆ ನೆಲದ ಮೇಲೆ ಕೂತು "ಅಜಜಿ" ಎಂದು ಓದಿದಾಗ, ಅಲ್ಲಿಯವರೆಗೆ ಎದ್ದು ನಿಂತು ಒಂದು ಸಾಲನ್ನೂ ಓದದಿದ್ದ ಎರಡನೆಯ ತರಗತಿಯ ಹುಡುಗಿ, "ಅಣ್ಣಾ, ಕೆಳಗ ಒತ್ತು ಐತಿ ನೋಡು, ಅಜ್ಜಿ!" ಎಂದು ಗದರಿಸಿದಳು. ತನಗಿಂತ ದೊಡ್ಡವನೊಬ್ಬ ತನಗಿಂತ ಕೆಟ್ಟದಾಗಿ ಓದುವುದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಮರುದಿನದಿಂದ ಅವನ ಪಕ್ಕದ ಜಾಗ ಅವಳದಾಯಿತು. ಅವನು ತಪ್ಪಿದಲ್ಲೆಲ್ಲ ಅವಳು ಗಟ್ಟಿಯಾಗಿ ಓದಿ ತೋರಿಸುತ್ತಿದ್ದಳು. ಗಟ್ಟಿಯಾಗಿ ಓದಿಸಲು ನಾವು ಆ ಮಗುವಿನ ಮೇಲೆ ಒಂದು ವರ್ಷ ಪ್ರಯತ್ನಪಟ್ಟಿದ್ದೆವು.

ನನಗೆ ಬೇಸರವಾಗುತ್ತಿದ್ದದ್ದು ಕೊನೆಯ ಸಂಜೆಯಲ್ಲಿ. ಎಲ್ಲರೂ ಸುತ್ತ ಕೂತು ಅನುಭವ ಹೇಳುವ ಕ್ರಮವಿತ್ತು, ಪ್ರತಿ ತಂಡದಲ್ಲೂ ಒಬ್ಬರಾದರೂ ಕಣ್ಣೊರೆಸಿಕೊಳ್ಳುತ್ತ ಹೇಳುವ ವಾಕ್ಯವೊಂದಿತ್ತು: "ಇವರ ಹತ್ತಿರ ಏನೂ ಇಲ್ಲ, ಆದರೂ ಎಷ್ಟು ಖುಷಿಯಾಗಿದ್ದಾರೆ." ಒಂದು ವರ್ಷ ಇದನ್ನು ಇಂಗ್ಲಿಷಿನಲ್ಲಿ ಹೇಳಿದಾಗ, ಬಿಸಿಯೂಟದ ಅಡುಗೆ ಮಾಡುವ ನಮ್ಮ ಹಿರಿಯವ್ವ ಆಕಿ ಏನಂದ್ಲು ಎಂದು ಕೇಳಿದಳು. ನಾನು ಕನ್ನಡದಲ್ಲಿ ಹೇಳಿದೆ. "ಖುಷಿ ಅದೀವಂತ ಯಾರ ಹೇಳ್ಯಾರ್ರಿ? ಪಗಾರ ಬರದ ಮೂರು ತಿಂಗಳಾತು, ಅದನ್ನೂ ಒಂದೀಟು ಹೇಳ್ರಿ ಆಕಿಗೆ" ಎಂದಳು. ಹೇಳಿದೆ. ಆ ಹುಡುಗಿ ಮುಖ ಸಣ್ಣದು ಮಾಡಿಕೊಂಡರೂ ಎದ್ದು ಹೋಗಲಿಲ್ಲ. ಎಷ್ಟು ಪಗಾರ, ಎಷ್ಟು ಗಂಟೆಯ ಕೆಲಸ, ಹೊಗೆಯಿಂದ ಕಣ್ಣು ಉರಿಯುತ್ತದೆಯೇ ಎಂದು ಅವ್ವನನ್ನು ರಾತ್ರಿಯವರೆಗೆ ಕೇಳುತ್ತ ಕೂತಳು. ಐದು ವರ್ಷಗಳ ಕೊನೆಯ ಸಂಜೆಗಳಲ್ಲಿ ನನಗೆ ಹಿಡಿಸಿದ್ದು ಆ ಒಂದೇ.

ಅಂದಿನಿಂದ ಬಂದ ಪ್ರತಿಯೊಂದು ತಂಡವನ್ನೂ ಮೊದಲ ಭಾನುವಾರವೇ ಗದಗದ ವೀರೇಶ್ವರ ಪುಣ್ಯಾಶ್ರಮಕ್ಕೆ ಕರೆದುಕೊಂಡು ಹೋಗುವುದನ್ನು ರೂಢಿ ಮಾಡಿಕೊಂಡೆ. ಪಂಚಾಕ್ಷರ ಗವಾಯಿಗಳು 1944ರಲ್ಲಿ ತೀರಿಕೊಂಡ ಮೇಲೆ, ಸ್ವತಃ ಕಣ್ಣು ಕಾಣದ ಪುಟ್ಟರಾಜ ಗವಾಯಿಗಳು 2010ರವರೆಗೆ, ಎಂದರೆ 66 ವರ್ಷ, ಅಂಧ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸುತ್ತ ಅಲ್ಲಿದ್ದರು ಎಂದಷ್ಟೇ ಹೇಳುತ್ತೇನೆ. ಒಬ್ಬ ಹುಡುಗ ಬೆರಳು ಮಡಚಿ ಲೆಕ್ಕ ಹಾಕಿ, "ಹಾಗಾದರೆ ನಾವು ಮೂರು ವಾರದ ಕೆಲಸಕ್ಕೆ ಬೇರೆ ಹೆಸರು ಇಡಬೇಕು" ಎಂದಿದ್ದ. ಏನು ಹೆಸರು ಎಂದು ಕೇಳಿದರೆ ಅವನಿಗೂ ಹೊಳೆಯಲಿಲ್ಲ, ನನಗೂ ಇಂದಿನವರೆಗೆ ಹೊಳೆದಿಲ್ಲ.

ನಡುವೆ ಕೆಲವು ವರ್ಷ ನಿಂತಿದ್ದ ಈ ಬರುವಿಕೆ ಈ ಜೂನ್‌ನಲ್ಲಿ ಮತ್ತೆ ಶುರುವಾಗುತ್ತದೆ, ನಾಲ್ಕು ಜನ ಬರುವವರಿದ್ದಾರೆ. ಹೋದ ತಿಂಗಳು ಈಗಿನ ಮುಖ್ಯ ಶಿಕ್ಷಕರು ಫೋನ್ ಮಾಡಿ, ಕಣ್ಣಿನ ಚಾರ್ಟಿನ ಮೂಲೆಯನ್ನು ಗೆದ್ದಲು ತಿಂದಿದೆ, ಹೊಸದೊಂದನ್ನು ಅಲ್ಲಿಂದ ತರಲು ಹೇಳುತ್ತೀರಾ ಎಂದು ಕೇಳಿದರು. ಅದು ಗದಗದಲ್ಲೇ ಸಿಗುತ್ತದೆ, ನಾನೇ ತಂದುಕೊಡುತ್ತೇನೆ ಎಂದೆ. ಬರುವವರಿಗೆ ಬೇರೆ ಏನೂ ಹೊತ್ತು ತರಬೇಡಿ, ಒತ್ತಕ್ಷರ ಕಲಿತುಕೊಂಡು ಬನ್ನಿ ಎಂದು ಬರೆದಿದ್ದೇನೆ. ಪೂರ್ತಿ ಬಾರದಿದ್ದರೂ ನಡೆದೀತು.