ಎಲುಬಿನ ಫೋಟೋ ಕಳಿಸಿ "ಎಷ್ಟು ವರ್ಷ?" ಅಂತ ಕೇಳುವವರಿಗೆ

ನಾನು ಕೊಪ್ಪಳದಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಅದು ಗೊತ್ತಾದವರೆಲ್ಲ ಹೊಲದಲ್ಲಿ ಸಿಕ್ಕ ಎಲುಬಿನ ಫೋಟೋ ವಾಟ್ಸಾಪ್‌ಗೆ ಹಾಕುತ್ತಾರೆ. ಕೆಳಗೆ ಒಂದೇ ಸಾಲು: "ಸರ್, ಈ ಚಿಗರಿಗೆ ಎಕ್ಸ್ಯಾಕ್ಟ್ ಎಷ್ಟು ವರ್ಷ?" ಚಿಗರಿ ಅಂದರೆ ಕೃಷ್ಣಮೃಗ. ಎಕ್ಸ್ಯಾಕ್ಟ್ ಆಗಿ ಹೇಳೋಕಾಗಲ್ಲ. ಅಂದಾಜು ಹೇಳಬಹುದು, ಅದೂ ದವಡೆಯ ಹಲ್ಲು ಕಾಣಿಸಿದರೆ.

ಕುಷ್ಟಗಿ ಕಡೆಯ ಹುಡುಗನೊಬ್ಬ ಬುರುಡೆಯ ಫೋಟೋ ಕಳಿಸಿ ಉತ್ತರವನ್ನೂ ತಾನೇ ಬರೆದಿದ್ದ: "ಮೇಲೆ ಮುಂದಿನ ಹಲ್ಲು ಒಂದೂ ಇಲ್ಲ. ಮುದಿಯಾಗಿ ಸತ್ತಿದೆ." ನನಗೆ ಸಿಟ್ಟೇ ಬಂತು. ಅವರ ಮನೆಯಲ್ಲೇ ಕುರಿ ಇವೆ. ಕುರಿಗೆ ಮೇಲೆ ಮುಂದಿನ ಹಲ್ಲು ಇರುತ್ತವಾ? ಚಿಗರಿಗೂ ಇಲ್ಲ, ಕಾಡಿನ ಚುಕ್ಕೆ ಜಿಂಕೆಗೂ ಇಲ್ಲ, ಹುಟ್ಟಿದಾಗಿನಿಂದಲೇ ಇಲ್ಲ. ಹಿಂದಿನ ದವಡೆ ಹಲ್ಲು ನೋಡಿದರೆ ಇನ್ನೂ ಸವೆದೇ ಇರಲಿಲ್ಲ. ಅದು ಎಳೆಯ ಪ್ರಾಣಿ.

ಇನ್ನು ಕೊಂಬಿನ ಕವಲು ಎಣಿಸಿ ವಯಸ್ಸು ಹೇಳುವವರು. ಚುಕ್ಕೆ ಜಿಂಕೆಯ ಕೊಂಬು ಬಿದ್ದು ಮತ್ತೆ ಬೆಳೆಯುತ್ತದೆ. ಬಲಿತ ಗಂಡಿನ ಒಂದೊಂದು ಕೊಂಬಿಗೆ ಸಾಮಾನ್ಯವಾಗಿ ಮೂರೇ ಕವಲು, ವಯಸ್ಸು ಎಷ್ಟಾದರೂ. ಹೆಣ್ಣಿಗೆ ಕೊಂಬೇ ಇಲ್ಲ.

ಸಂತೆಯಲ್ಲಿ ಕುರಿ ಕೊಳ್ಳುವವರಿಗೆ ಅರ್ಧ ವಿದ್ಯೆ ಗೊತ್ತೇ ಇದೆ. ಕೆಳಗೆ ಮುಂದೆ ಎರಡು ದೊಡ್ಡ ಹಲ್ಲು ಬಂದಿದ್ದರೆ ಒಂದು, ಒಂದೂವರೆ ವರ್ಷ. ಎಂಟೂ ಬಂದು ಬಾಯಿ ಕೂಡಿದರೆ ನಾಲ್ಕರ ಆಸುಪಾಸು. ಜಿಂಕೆಯಲ್ಲಿ ನೋಡುವುದು ಕೆಳದವಡೆಯ ಹಿಂದಿನ ಹಲ್ಲು. ಅಮೆರಿಕದ ಬಿಳಿಬಾಲದ ಜಿಂಕೆಗೆ ಸೆವೆರಿಂಗ್‌ಹಾಸ್ ಎಂಬವರು 1949ರಲ್ಲೇ ಈ ಲೆಕ್ಕ ಬರೆದಿಟ್ಟರು. ದವಡೆ ಹಲ್ಲುಗಳಲ್ಲಿ ಮುಂದಿನಿಂದ ಮೂರನೆಯದು ಹಾಲುಹಲ್ಲಾಗಿದ್ದಾಗ ಅದಕ್ಕೆ ಮೂರು ಗುಬ್ಬಿ, ಅಂದರೆ ಉಬ್ಬು. ಸುಮಾರು ಒಂದೂವರೆ ವರ್ಷಕ್ಕೆ ಅದು ಬಿದ್ದು ಎರಡು ಗುಬ್ಬಿಯದು ಬರುತ್ತದೆ. ಅಲ್ಲಿವರೆಗೆ ಲೆಕ್ಕ ಗಟ್ಟಿ. ಆಮೇಲೆ ಸವೆತವೇ ಆಧಾರ: ಬಿಳಿ ಎನಾಮಲ್ ಸವೆದಂತೆ ಒಳಗಿನ ಕಂದು ಡೆಂಟಿನ್ ಅಗಲವಾಗುತ್ತದೆ. ಮಣ್ಣು ಮರಳು ಹತ್ತಿದ ಹುಲ್ಲು ಮೇಯ್ದರೆ ಬೇಗ ಸವೆಯುತ್ತದೆ, ಅಲ್ವಾ? ಅಮೆರಿಕದ ಪಟ್ಟಿಯನ್ನು ಯಲಬುರ್ಗಾದ ಚಿಗರಿಗೆ ಹಚ್ಚಿದರೆ ಸುಳ್ಳು ಉತ್ತರ ಬರುತ್ತದೆ. ಚಿಗರಿ ಜಿಂಕೆಯ ಕುಟುಂಬದ್ದೂ ಅಲ್ಲ. ಅದು ಕುರಿ, ಮೇಕೆ, ದನಗಳ ಬಳಗ. ಹಲ್ಲಿನ ಬೇರು ಕೊಯ್ದು, ಅದರ ಹೊರಗವಚವಾದ ಸಿಮೆಂಟಂನಲ್ಲಿ ವರ್ಷವರ್ಷ ಮೂಡುವ ಪದರ ಎಣಿಸುವ ವಿಧಾನವೂ ಇದೆ. ಆದರೆ ಚಳಿಗಾಲ ಜೋರಿರುವ ಸೀಮೆಯಲ್ಲಿ ಆ ಗೆರೆಗಳು ಚೆನ್ನಾಗಿ ಮೂಡುತ್ತವೆ, ನಮ್ಮಂಥ ಬಿಸಿಲು ನಾಡಿನಲ್ಲಲ್ಲ.

ಯಾರೂ ಕೇಳದ ಪ್ರಶ್ನೆ ಬೇರೆ ಇದೆ. ಅದು ಆ ವಯಸ್ಸಿಗೇ ಯಾಕೆ ಸತ್ತಿತು? ಮರಿ ಸಾಯುತ್ತವೆ, ಮುದಿಯಾದವು ಸಾಯುತ್ತವೆ. ಎರಡು ಮೂರು ವರ್ಷದ ಗಟ್ಟಿಮುಟ್ಟು ಪ್ರಾಣಿಗಳ ದವಡೆಯೇ ಮತ್ತೆ ಮತ್ತೆ ಸಿಕ್ಕರೆ? ಆಗ ರಸ್ತೆ, ನಾಯಿ, ಉರುಳು, ಕಟ್ಟೆಯಿಲ್ಲದ ಬಾವಿ ಎಲ್ಲವನ್ನೂ ನೋಡಬೇಕು. ಕಡಲೆ ಹೊಲಕ್ಕೆ ಹಿಂಡು ನುಗ್ಗಿದರೆ ರೈತರಿಗೆ ಸಿಟ್ಟು ಬರುವುದು ನ್ಯಾಯವೇ. ಆದರೂ ಹಿಂಡಿನಲ್ಲಿ ಯಾವ ವಯಸ್ಸಿನವು ಸಾಯುತ್ತಿವೆ ಅಂತ ನಮಗೆ ಗೊತ್ತಿರಬೇಕು. ದವಡೆ ನೋಡಿ ವಯಸ್ಸು ಹೇಳುವುದು ಅದಕ್ಕಾಗಿ, ಸುಮ್ನೆ ಕುತೂಹಲಕ್ಕಲ್ಲ.

ಎಲುಬನ್ನು ಮನೆಗೆ ಒಯ್ಯಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಚಿಗರಿ ಮೊದಲನೇ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿ. ಅರಣ್ಯ ಇಲಾಖೆಗೆ ತಿಳಿಸಿ. ನನಗೆ ಫೋಟೋ ಕಳಿಸುವುದಾದರೆ ಮುಟ್ಟದೆ, ಹಲ್ಲಿನ ಮೇಲ್ಭಾಗ ಕಾಣುವ ಹಾಗೆ ತೆಗೆಯಿರಿ. ಜೊತೆಗೆ ಯಾವ ಊರು, ರಸ್ತೆ ಎಷ್ಟು ದೂರ, ಹತ್ತಿರ ಬಾವಿ ಇದೆಯಾ ಅಂತ ಬರೆಯಿರಿ.