ಎಸ್ಮೆರಾಲ್ಡಾ ಎಂಬ ಹೆಸರಿನ ಎರಡು ಹಡಗುಗಳು

ಕಾರವಾರದ ಟಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಯುದ್ಧನೌಕೆಯ ತುಕ್ಕು ಹಿಡಿದ ಕಂಬಿಯ ಮೇಲೆ ಕೈಯಿಟ್ಟಾಗಲೆಲ್ಲ ನನಗೆ ಚಿಲಿಯ ತಾಲ್ಕಹುವಾನೋ ಬಂದರಿನಲ್ಲಿ ಹೀಗೆಯೇ ಉಳಿದಿರುವ ಹುವಾಸ್ಕರ್ ನೆನಪಾಗುತ್ತದೆ. 1879ರ ಮೇ 21ರಂದು ಇಕಿಕೆ ಬಂದರಿನೆದುರು ಆಗ ಪೆರುವಿನದಾಗಿದ್ದ ಈ ಕಬ್ಬಿಣದ ಕವಚದ ಹಡಗು ಚಿಲಿಯ ಮರದ ಹಡಗಾದ ಎಸ್ಮೆರಾಲ್ಡಾಕ್ಕೆ ಗುದ್ದಿದಾಗ, ಕಪ್ತಾನ ಆರ್ತುರೋ ಪ್ರಾಟ್ ಕತ್ತಿ ಹಿಡಿದು ಶತ್ರುವಿನ ಹಡಗಿಗೇ ಜಿಗಿದು ಅಲ್ಲಿಯೇ ಸತ್ತ. ಕೊನೆಗೆ ಚಿಲಿ ಯುದ್ಧ ಗೆದ್ದು ನೈಟ್ರೇಟ್ ತುಂಬಿದ ಮರುಭೂಮಿಯನ್ನು ಪಡೆಯಿತಾದರೂ, ರಾಷ್ಟ್ರಾಭಿಮಾನಕ್ಕೆ ತಾಯಿಬೇರಾದದ್ದು ಸೋತ ಆ ಕಾಳಗವೇ ಎಂಬುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಚಿಲಿಯ ಅದೇ ನೌಕಾಪಡೆ 1891ರಲ್ಲಿ ಸಂಸತ್ತಿನ ಪಕ್ಷ ವಹಿಸಿ ಅಧ್ಯಕ್ಷ ಬಲ್ಮಸೆಡಾನ ವಿರುದ್ಧ ತಿರುಗಿ ನಿಂತಿತು. 1973ರ ಸೆಪ್ಟೆಂಬರ್ 11ರ ನಸುಕಿನಲ್ಲಿ ಅದು ವಾಲ್ಪರೈಸೋ ನಗರವನ್ನು ವಶಪಡಿಸಿಕೊಂಡದ್ದರಿಂದಲೇ, ತಾಮ್ರದ ಗಣಿಗಳನ್ನು ರಾಷ್ಟ್ರೀಕರಿಸಿದ್ದ ಅಲೆಂದೆಯ ಚುನಾಯಿತ ಸರ್ಕಾರವನ್ನು ಉರುಳಿಸಿದ ದಂಗೆ ಶುರುವಾಯಿತು. ಆ ದಿನಗಳಲ್ಲಿ ಬಂಧಿತರನ್ನು ಕೂಡಿಟ್ಟು ಚಿತ್ರಹಿಂಸೆ ಕೊಟ್ಟ ತಾಣಗಳಲ್ಲಿ ನಾಲ್ಕು ಹಾಯಿಕಂಬಗಳ, ಸೊಗಸಾದ ಬಿಳಿಯ ತರಬೇತಿ ನೌಕೆಯೂ ಒಂದು. ಅದರ ಹೆಸರೂ ಎಸ್ಮೆರಾಲ್ಡಾ. ಅದು ಹೋದ ಎಷ್ಟೋ ವಿದೇಶಿ ಬಂದರುಗಳಲ್ಲಿ ಪ್ರತಿಭಟನಕಾರರು ಫಲಕ ಹಿಡಿದು ಕಾದಿರುತ್ತಿದ್ದರು.