ತೀರ್ಪಿನ ದಿನವನ್ನು ಬೇಡುವವರು

ಬೀದರ್, 19 ಏಪ್ರಿಲ್ 2025, ಶನಿವಾರ

ನಾಳೆ ನಸುಕಿನಲ್ಲಿ ಸಮಾಧಿ ಸ್ಥಳದಲ್ಲಿ ನಡೆಯುವ ಈಸ್ಟರ್ ಆರಾಧನೆಯಲ್ಲಿ ವಾಕ್ಯ ಓದಿ ನಾಲ್ಕು ಮಾತು ಹೇಳುವ ಹೊಣೆಯನ್ನು ಸಭಾಪಾಲಕರು ನನಗೆ ವಹಿಸಿದ್ದಾರೆ. ನಿನ್ನೆ ಶುಭ ಶುಕ್ರವಾರದಂದು, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಆರಾಧನೆ ಮುಗಿದ ಮೇಲೆ ಸಭೆಯ ಕೆಲವು ಯುವಕರು ನನ್ನನ್ನು ನಿಲ್ಲಿಸಿಕೊಂಡು, ಮೊಬೈಲಿನಲ್ಲಿ ಹರಿದಾಡುತ್ತಿರುವ ಅಂತ್ಯಕಾಲದ ವೀಡಿಯೊಗಳನ್ನು ತೋರಿಸಿ, ದೇವದೂತರು ತುತ್ತೂರಿ ಊದುವ ದಿನ ಹತ್ತಿರ ಬಂದಿತೇ, ಆ ದಿನ ನಮ್ಮ ಗತಿಯೇನು ಎಂದು ಕೇಳಿದರು. ಅವರ ದನಿಯಲ್ಲಿ ಕುತೂಹಲಕ್ಕಿಂತ ಅಂಜಿಕೆಯೇ ಹೆಚ್ಚಾಗಿತ್ತು. ಆದ್ದರಿಂದ ಈ ದಿನ ಬೆಳಗಿನಿಂದ ದಾನಿಯೇಲನ ಗ್ರಂಥ, ಮತ್ತಾಯನ ಸುವಾರ್ತೆ, ಪೌಲನ ಪತ್ರಗಳು ಹಾಗೂ ಸತ್ಯವೇದದ, ಅಂದರೆ ಬೈಬಲಿನ, ಕೊನೆಯ ಗ್ರಂಥವಾದ ಪ್ರಕಟನೆಯ ಕೊನೆಯ ಅಧ್ಯಾಯಗಳನ್ನು ಮತ್ತೆ ಓದುತ್ತ ಕುಳಿತೆ. ಓದಿದಂತೆಲ್ಲ ಒಂದು ಮಾತು ನನ್ನೊಳಗೆ ಗಟ್ಟಿಯಾಯಿತು: ಅಂತಿಮ ನ್ಯಾಯತೀರ್ಪಿನ ಸುದ್ದಿಯನ್ನು ಸತ್ಯವೇದವು ಮೊದಲು ಹೇಳಿದ್ದು ಅನ್ಯಾಯವನ್ನು ಉಂಡವರಿಗೆ, ಅವರನ್ನು ಸಂತೈಸಬೇಕೆಂದೇ. ಇದನ್ನು ಮರೆತು ಓದಿದರೆ ತುತ್ತೂರಿ, ಬೆಂಕಿ, ಸಿಂಹಾಸನ ಎಲ್ಲವೂ ಬರೀ ಬೆದರಿಕೆಯಾಗಿ ಕೇಳಿಸುತ್ತವೆ.

ತೊಂಬತ್ತಾರನೆಯ ಕೀರ್ತನೆಯಲ್ಲಿ ಯೆಹೋವನು ಭೂಲೋಕಕ್ಕೆ ನ್ಯಾಯತೀರಿಸಲು ಬರುತ್ತಾನೆಂದು ಸಮುದ್ರ ಗರ್ಜಿಸುತ್ತದೆ, ಹೊಲಗಳು ಹಿಗ್ಗುತ್ತವೆ, ವನದ ಮರಗಳೆಲ್ಲ ಹರ್ಷದಿಂದ ಹಾಡುತ್ತವೆ. ನ್ಯಾಯಾಧೀಶನು ಬರುತ್ತಾನೆಂದು ಮರಗಳು ಹಾಡುವುದೇಕೆ ಎಂಬುದು ಸುಖವಾಗಿ ಬದುಕಿದವರಿಗೆ ಅರ್ಥವಾಗುವುದು ಕಷ್ಟ. ತುಂಡು ಜಮೀನಿನ ವ್ಯಾಜ್ಯ ಹಿಡಿದು, ತಾರೀಖಿನ ಮೇಲೆ ತಾರೀಖು ಬೀಳುತ್ತಿದ್ದರೂ, ಪ್ರತಿ ಸಲ ಕೆಂಪು ಬಸ್ಸು ಹತ್ತಿ, ಕಾಗದಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಂಕುಳಲ್ಲಿ ಹಿಡಿದು ಕೋರ್ಟಿಗೆ ಬರುವ ಮುದುಕರನ್ನು ನಾನು ಬಲ್ಲೆ. ಅವರಿಗೆ ತೀರ್ಪಿನ ದಿನವೆಂದರೆ ಭಯವಿಲ್ಲ; ಆ ದಿನ ಬಾರದೆ ಹೋದೀತು ಎಂಬುದೇ ಅವರ ಭಯ. ಪ್ರಕಟನೆಯ ಆರನೆಯ ಅಧ್ಯಾಯದಲ್ಲಿ ಯಜ್ಞವೇದಿಯ ಕೆಳಗಿರುವ ಹತರಾದವರ ಆತ್ಮಗಳು, ಒಡೆಯನೇ, ಎಲ್ಲಿಯವರೆಗೆ ನ್ಯಾಯತೀರಿಸದೆ ಇರುತ್ತೀ ಎಂದು ಕೂಗುವುದೂ ಇದೇ ಕೂಗು.

ಪುನರುತ್ಥಾನದ ಮಾತು ಹುಟ್ಟುವುದೂ ಇಲ್ಲಿಂದಲೇ. ಹಳೆಯ ಒಡಂಬಡಿಕೆಯಲ್ಲಿ ಸತ್ತವರು ಏಳುವರೆಂಬ ಮಾತು ಅತ್ಯಂತ ಸ್ಪಷ್ಟವಾಗಿ ಬರುವುದು ದಾನಿಯೇಲನ ಹನ್ನೆರಡನೆಯ ಅಧ್ಯಾಯದಲ್ಲಿ. ಅಲ್ಲಿ ಮಹಾಸಂಕಟದ ಕಾಲದಲ್ಲಿ ಜನರ ಪಕ್ಷವಹಿಸುವ ಮಿಕಾಯೇಲನೆಂಬ ದೇವದೂತನು ಏಳುತ್ತಾನೆ. ಅದರ ಬೆನ್ನಿಗೇ ಧೂಳಿನಲ್ಲಿ ನಿದ್ರಿಸುವವರಲ್ಲಿ ಅನೇಕರು ಎಚ್ಚರಗೊಂಡು, ಕೆಲವರು ನಿತ್ಯಜೀವಕ್ಕೂ ಕೆಲವರು ನಿತ್ಯ ನಿಂದೆಗೂ ಏಳುವರೆಂದು ಹೇಳಲಾಗಿದೆ. ದೇವದೂತ, ಪುನರುತ್ಥಾನ, ನ್ಯಾಯತೀರ್ಪು ಈ ಮೂರೂ ಎರಡೇ ವಚನಗಳಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. ಈ ಗ್ರಂಥದ ಉತ್ತರಾರ್ಧವು ಕಣ್ಣೆದುರು ಇಟ್ಟುಕೊಂಡಿರುವುದು ಯೆಹೂದ್ಯರನ್ನು ಆಳುತ್ತಿದ್ದ ಗ್ರೀಕ್ ಅರಸ ಆಂಟಿಯೋಕಸ್ ಎಪಿಫನೀಸನ ಕಾಲದ ಹಿಂಸೆಯನ್ನು ಎಂದು ಅನೇಕ ವಿದ್ವಾಂಸರು ಓದುತ್ತಾರೆ, ಕ್ರಿ.ಪೂ. 167ರಲ್ಲಿ ಅವನು ಯೆರೂಸಲೇಮಿನ ದೇವಾಲಯವನ್ನು ಹೊಲೆಮಾಡಿದನು, ಧರ್ಮಶಾಸ್ತ್ರವನ್ನು ಬಿಡದವರನ್ನು ಕೊಲ್ಲಿಸಿದನು. ಕಥೋಲಿಕರ ಸತ್ಯವೇದದಲ್ಲಿರುವ ಮಕ್ಕಬಿಯರ ಎರಡನೆಯ ಗ್ರಂಥದಲ್ಲಿ ತಾಯಿಯ ಎದುರೇ ಏಳು ಮಂದಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೊಲ್ಲುವ ಪ್ರಸಂಗವಿದೆ. ಮೂರನೆಯವನು ಕೈಗಳನ್ನು ಧೈರ್ಯದಿಂದ ಮುಂದೆ ಚಾಚಿ, ಇವು ಪರಲೋಕದಿಂದ ನನಗೆ ದೊರೆತವು, ಆತನಿಂದಲೇ ಇವನ್ನು ಮರಳಿ ಪಡೆಯುವ ನಿರೀಕ್ಷೆ ನನಗಿದೆ ಎನ್ನುತ್ತಾನೆ. ನನ್ನ ಮಟ್ಟಿಗೆ ಪುನರುತ್ಥಾನದ ಬೋಧನೆಯ ತಿರುಳೆಲ್ಲ ಆ ಚಾಚಿದ ಕೈಗಳಲ್ಲಿದೆ. ಕೊಂದವನು ಅರಮನೆಯಲ್ಲಿ ಸುಖವಾಗಿ ಸತ್ತು, ಕೊಲ್ಲಿಸಿಕೊಂಡವನು ಮಣ್ಣಾಗಿ ಹೋದರೆ, ದೇವರು ನೀತಿವಂತನೆಂದು ಹೇಳುವುದಾದರೂ ಹೇಗೆ? ತೀರ್ಪು ನಿಜವಾಗಬೇಕಾದರೆ ಇಬ್ಬರೂ ಎದ್ದು ನಿಲ್ಲಲೇಬೇಕು.

ಯೇಸುವಿನ ಕಾಲದ ಯೆಹೂದ್ಯರ ಒಂದು ಪಂಗಡವಾದ ಸದ್ದುಕಾಯರು ಪುನರುತ್ಥಾನವಿಲ್ಲ, ದೇವದೂತನಿಲ್ಲ, ಆತ್ಮವಿಲ್ಲ ಎನ್ನುತ್ತಿದ್ದರೆಂದು ಅಪೊಸ್ತಲರ ಕೃತ್ಯಗಳ ಇಪ್ಪತ್ಮೂರನೆಯ ಅಧ್ಯಾಯ ಹೇಳುತ್ತದೆ. ದೇವಾಲಯದ ಅಧಿಕಾರ ಕೈಯಲ್ಲಿದ್ದ ಸಿರಿವಂತ ಯಾಜಕ ಮನೆತನಗಳು ಈ ಪಂಗಡದ ಬಲವಾಗಿದ್ದವು. ಇದ್ದ ಲೋಕವೇ ಅವರಿಗೆ ಅನುಕೂಲವಾಗಿತ್ತು. ಅದನ್ನು ಮತ್ತೊಮ್ಮೆ ವಿಚಾರಣೆಗೆ ತರುವ ದೇವರು ಅವರಿಗೆ ಬೇಕಾಗಿರಲಿಲ್ಲವೆಂದು ನನಗೆ ಅನ್ನಿಸುತ್ತದೆ.

ಇನ್ನು ದೇವದೂತರ ವಿಷಯ. ನಮ್ಮ ಪ್ರೊಟೆಸ್ಟೆಂಟ್ ಸತ್ಯವೇದದಲ್ಲಿ ಹೆಸರು ಹೇಳಿರುವ ಒಳ್ಳೆಯ ದೂತರು ಇಬ್ಬರೇ, ಗಬ್ರಿಯೇಲ ಮತ್ತು ಮಿಕಾಯೇಲ. ರಫಾಯೇಲನು ಕಥೋಲಿಕರು ಓದುವ ತೋಬಿತನ ಗ್ರಂಥದಲ್ಲಿ ಬರುತ್ತಾನೆ. ಉಳಿದ ಲಕ್ಷೋಪಲಕ್ಷ ದೂತರಿಗೆ ಹೆಸರಿಲ್ಲ, ಕೆಲಸ ಮಾತ್ರ ಇದೆ. ಇಬ್ರಿಯರಿಗೆ ಬರೆದ ಪತ್ರಿಕೆ ಅವರನ್ನು ಸೇವೆಗಾಗಿ ಕಳುಹಿಸಲ್ಪಡುವ ಆತ್ಮಗಳೆಂದು ಕರೆಯುತ್ತದೆ. ಒಬ್ಬನು ಸಮಾಧಿಯ ಕಲ್ಲನ್ನು ಉರುಳಿಸಿ ಅದರ ಮೇಲೆ ಕೂರುತ್ತಾನೆ, ನಾಲ್ವರು ನಾಲ್ಕು ದಿಕ್ಕಿನ ಗಾಳಿಗಳನ್ನು ಹಿಡಿದು ನಿಲ್ಲುತ್ತಾರೆ, ಕೊನೆಯ ದಿನ ಅವರು ಆರಿಸಿಕೊಂಡವರನ್ನು ಒಟ್ಟುಗೂಡಿಸುತ್ತಾರೆ. ನಮ್ಮ ಓಣಿಯ ಮುಸಲ್ಮಾನ ಹಿರಿಯರು ಕಯಾಮತ್ತಿನ ದಿನ ಸೂರ್ ಎಂಬ ತುತ್ತೂರಿ ಊದುವ ಫರಿಶ್ತೆಯ, ಅಂದರೆ ದೇವದೂತನ, ಮಾತು ತೆಗೆದಾಗ ನನಗೆ ನಮ್ಮ ಕಡೇ ತುತ್ತೂರಿ ನೆನಪಾಗುತ್ತದೆ. ಈ ಊರಿನಲ್ಲಿ ಆ ನಿರೀಕ್ಷೆಯನ್ನು ನಾವು ಒಬ್ಬರೇ ಇಟ್ಟುಕೊಂಡವರಲ್ಲ.

ದೂತರ ಕೆಲಸಗಳಲ್ಲಿ ನಮ್ಮ ಸಭೆಗೆ ತೀರ ಹತ್ತಿರವಾದದ್ದು ಸುಗ್ಗಿಯ ಕೆಲಸ. ಮತ್ತಾಯನ ಹದಿಮೂರನೆಯ ಅಧ್ಯಾಯದಲ್ಲಿ ಒಬ್ಬನು ಹೊಲದಲ್ಲಿ ಒಳ್ಳೆಯ ಬೀಜ ಬಿತ್ತುತ್ತಾನೆ, ರಾತ್ರಿ ವೈರಿ ಬಂದು ಗೋದಿಯ ನಡುವೆ ಹಣಜಿ ಎಂಬ ಕಳೆಯನ್ನು ಬಿತ್ತಿ ಹೋಗುತ್ತಾನೆ. ಆಳುಗಳು ಅದನ್ನು ಕೀಳಲು ಹೊರಟಾಗ ಯಜಮಾನನು ಬೇಡವೆನ್ನುತ್ತಾನೆ, ಸುಗ್ಗಿಯ ತನಕ ಎರಡೂ ಬೆಳೆಯಲಿ ಎನ್ನುತ್ತಾನೆ; ಕೊಯ್ಯುವವರು ದೇವದೂತರು ಎಂದು ಯೇಸುವೇ ಅರ್ಥ ಬಿಡಿಸುತ್ತಾನೆ. ಸತ್ಯವೇದ ಅಧ್ಯಯನದ ಕೂಟದಲ್ಲಿ ಇದನ್ನು ಓದಿದಾಗ, ವರ್ಷವೆಲ್ಲ ಖುರ್ಪಿ ಹಿಡಿದು ಹೆಸರು, ಉದ್ದು, ತೊಗರಿಯ ಸಾಲುಗಳಲ್ಲಿ ಕಳೆ ತೆಗೆಯುವ ತಾಯಿಯೊಬ್ಬರು ಎರಡು ಬೆರಳುಗಳ ನಡುವೆ ಸಸಿ ಹಿಡಿದಂತೆ ಕೈ ಮಾಡಿ ತೋರಿಸಿ, “ಸಣ್ಣದಿದ್ದಾಗ ಗುರ್ತಾ ಸಿಗಂಗಿಲ್ರೀ ಮಾಸ್ತರ್, ಬೇರಿಗೆ ಬೇರು ಹೆಣಕೊಂಡಿರ್ತದ. ತೆನಿ ಬಂದ್ ಮ್ಯಾಲೆ ಕೂಸಿಗೂ ಗೊತ್ತಾಯ್ತದ” ಎಂದರು. ಪಾಲೆಸ್ತೀನಿನ ಆ ಕಳೆಯೂ ಹಾಗೆಯೇ ತೆನೆ ಬರುವವರೆಗೆ ಗೋದಿಯನ್ನೇ ಹೋಲುತ್ತದೆ. ಇವನು ಗೋದಿ, ಅವಳು ಹಣಜಿ ಎಂದು ಈಗಲೇ ವಿಂಗಡಿಸುವ ಅಪ್ಪಣೆ ನಮಗೆ ಸಿಕ್ಕಿಲ್ಲ. ದೂತರಿಗೂ ಅದು ಸುಗ್ಗಿಯ ದಿನವೇ ಸಿಗುವುದು. ಸಭೆಯೊಳಗೆ ಕುಳಿತೇ ಪಕ್ಕದ ಸಭೆಯವರನ್ನು ನರಕಕ್ಕೆ ಕಳುಹಿಸುವ ಉಪದೇಶಗಳನ್ನು ಕೇಳಿದಾಗ ನನಗೆ ಈ ಸಾಮ್ಯ ಕಥೆಯೇ ಉತ್ತರವಾಗಿ ಹೊಳೆಯುತ್ತದೆ.

ಆ ದಿನದ ಲೆಕ್ಕ ಹಾಕುವವರಿಗೂ ಉತ್ತರ ದೂತರಲ್ಲೇ ಇದೆ. ಆ ದಿನವನ್ನಾಗಲಿ ಗಳಿಗೆಯನ್ನಾಗಲಿ ಪರಲೋಕದ ದೂತರೂ ಅರಿಯರು, ಮಗನೂ ಅರಿಯನು, ತಂದೆ ಮಾತ್ರ ಬಲ್ಲನು ಎಂದು ಮಾರ್ಕನ ಹದಿಮೂರನೆಯ ಅಧ್ಯಾಯದಲ್ಲಿದೆ. ಅಮೆರಿಕದ ರೈತ ವಿಲಿಯಂ ಮಿಲ್ಲರ್ ದಾನಿಯೇಲನ ಗ್ರಂಥದ 2300 ದಿನಗಳನ್ನು ವರ್ಷಗಳೆಂದು ಎಣಿಸಿ, ಪ್ರಭುವಿನ ಬರೋಣ ಹತ್ತಿರವಾಯಿತೆಂದು ಬೋಧಿಸಿದನು. ಅವನ ಹಿಂಬಾಲಕರು 1844ರ ಅಕ್ಟೋಬರ್ 22ನ್ನು ಗೊತ್ತುಮಾಡಿಕೊಂಡು, ಹೊಲದ ಬೆಳೆಯನ್ನೂ ಬಿಟ್ಟು ಕಾದರು, ಮರುದಿನ ಬೆಳಗಾದಾಗ ಅತ್ತರು. ಅವರ ಹಂಬಲ ಪ್ರಾಮಾಣಿಕವಾಗಿತ್ತು. ಆದರೆ ದೂತರಿಗೂ ಕೊಡದ ಗುಟ್ಟನ್ನು ಲೆಕ್ಕದಿಂದ ತೆಗೆಯಲು ಹೋದದ್ದು ಅವರಿಗೆ ಅಷ್ಟು ನೋವು ತಂದಿತು. ಪ್ರಕಟನೆ ಹೇಳುವ ಕ್ರಿಸ್ತನ ಸಾವಿರ ವರ್ಷಗಳ ಆಳ್ವಿಕೆ ಮೊದಲೋ ಪ್ರಭುವಿನ ಬರೋಣ ಮೊದಲೋ ಎಂಬ ವಾದಕ್ಕೆ ನಾಳೆ ನಾನು ಕೈ ಹಾಕುವುದಿಲ್ಲ. ಆದಿಸಭೆಯ ಗುರು ಅಗಸ್ಟೀನನ ಕಾಲದಿಂದಲೂ ಭಕ್ತಿಯುಳ್ಳವರು ಅದರಲ್ಲಿ ಭಿನ್ನವಾಗಿಯೇ ಇದ್ದಾರೆ.

ನಾಳೆ ಸಮಾಧಿ ಸ್ಥಳಕ್ಕೆ ಬರುವವರ ಪ್ರಶ್ನೆಯೇ ಬೇರೆ. ಈ ಸಂಜೆ ಅಲ್ಲಿ ಕಸ ಗುಡಿಸಿ, ಕೆಂಪು ಜಂಬಿಟ್ಟಿಗೆ ಕಲ್ಲಿನ ಕಟ್ಟೆಗಳಿಗೆ ಸುಣ್ಣ ಹಚ್ಚುತ್ತಿದ್ದಾಗ, ಮಗನನ್ನು ಕಳೆದುಕೊಂಡ ಅಜ್ಜಿಯೊಬ್ಬರು ಕುಂಚ ಕೆಳಗಿಟ್ಟು, “ಮಾಸ್ತರ್, ಅವ ಎದ್ದ ದಿನ ನನ್ನ ಗುರ್ತಾ ಹಿಡಿತಾನೇನ್ರೀ?” ಎಂದು ಕೇಳಿದರು. ನಾನು ಅವರಿಗೆ ಥೆಸಲೊನೀಕದವರ ಸಂಗತಿ ಹೇಳಿದೆ. ಕ್ರಿ.ಶ. 50ರ ಸುಮಾರಿಗೆ ಪೌಲನು ಆ ಸಭೆಗೆ ಪತ್ರ ಬರೆದಾಗ ಅಲ್ಲಿಯವರ ಕಳವಳವೂ ಇದೇ ಆಗಿತ್ತು: ಪ್ರಭು ಬರುವ ಮೊದಲೇ ತೀರಿಹೋದ ನಮ್ಮವರು ಆ ದಿನಕ್ಕೆ ಇಲ್ಲದೆ ಹೋದರಲ್ಲಾ ಎಂಬುದು. ಪ್ರಧಾನ ದೂತನ ಶಬ್ದ, ದೇವರ ತುತ್ತೂರಿಯ ಧ್ವನಿ ಎಂಬ ಮಾತುಗಳೆಲ್ಲ ಬರುವುದು ಆ ಕಣ್ಣೀರಿಗೆ ಉತ್ತರವಾಗಿ. ಕ್ರಿಸ್ತನಲ್ಲಿ ಸತ್ತವರು ಮೊದಲು ಏಳುವರು, ಆಮೇಲೆ ಬದುಕಿ ಉಳಿದವರು ಅವರ ಜೊತೆಯಲ್ಲೇ ಪ್ರಭುವನ್ನು ಎದುರುಗೊಳ್ಳುವರು, ಈ ಮಾತುಗಳಿಂದ ಒಬ್ಬರನ್ನೊಬ್ಬರು ಸಂತೈಸಿರಿ ಎಂದು ಪೌಲನು ಮುಗಿಸುತ್ತಾನೆ. ಎದ್ದ ಯೇಸು ಶಿಷ್ಯರ ಎದುರು ಸುಟ್ಟ ಮೀನಿನ ತುಂಡು ತಿಂದನು, ತೋಮನಿಗೆ ಗಾಯದ ಗುರುತುಗಳನ್ನು ತೋರಿಸಿದನು, ಮಗ್ದಲದ ಮರಿಯಳನ್ನು ಹೆಸರು ಹಿಡಿದು ಕರೆದನು. ಆದ್ದರಿಂದ ನಾನು ಅಜ್ಜಿಗೆ, “ಹಿಡಿತಾನ, ಆಯೀ. ಹೆಸರು ಹಿಡಿದೇ ಕರಿತಾನ” ಎಂದೆ. ಅವರು ಮತ್ತೆ ಕುಂಚ ಎತ್ತಿಕೊಂಡರು.

ಕಠಿಣವಾದ ಮಾತುಗಳನ್ನು ನಾನು ಬದಿಗಿಡಲಾರೆ. ಪ್ರಕಟನೆಯ ಇಪ್ಪತ್ತನೆಯ ಅಧ್ಯಾಯದಲ್ಲಿ ಬೆಳ್ಳಗಿರುವ ಮಹಾಸಿಂಹಾಸನದ ಮುಂದೆ ದೊಡ್ಡವರೂ ಚಿಕ್ಕವರೂ ನಿಲ್ಲುತ್ತಾರೆ, ಪುಸ್ತಕಗಳು ತೆರೆಯಲ್ಪಡುತ್ತವೆ, ಸಮಾಧಿಯೇ ಸಿಗದವರನ್ನೂ ಸಮುದ್ರ ಒಪ್ಪಿಸುತ್ತದೆ, ಕೊನೆಗೆ ಮರಣವೂ ಪಾತಾಳವೂ ಬೆಂಕಿಯ ಕೆರೆಗೆ ಬೀಳುತ್ತವೆ. ಜೀವಬಾಧ್ಯರ ಪುಸ್ತಕದಲ್ಲಿ ಹೆಸರಿಲ್ಲದವರಿಗೂ ಅದೇ ಗತಿ ಎಂಬ ವಚನವೂ ಅಲ್ಲಿದೆ; ಅದನ್ನು ಮೆತ್ತಗೆ ಮಾಡಿ ಹೇಳುವ ಹಕ್ಕು ನನಗಿಲ್ಲ. ಆದರೆ ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯದಲ್ಲಿ ದೂತರೆಲ್ಲರೊಂದಿಗೆ ಬಂದು ಕುಳಿತ ಅರಸನು ಕುರಿಗಳನ್ನೂ ಆಡುಗಳನ್ನೂ ಬೇರ್ಪಡಿಸುವಾಗ ಕೇಳುವುದು ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು, ಪರದೇಶಿಗೆ ಆಸರೆ, ಬತ್ತಲಿದ್ದವನಿಗೆ ಬಟ್ಟೆ, ರೋಗಿಯ ಆರೈಕೆ, ಸೆರೆಯಲ್ಲಿದ್ದವನ ಭೇಟಿಯನ್ನು. ಬಲಗಡೆಯವರೂ ಎಡಗಡೆಯವರೂ, ನಿನ್ನನ್ನು ನಾವು ಯಾವಾಗ ಕಂಡೆವು ಎಂದು ಬೆರಗಾಗಿ ಕೇಳುತ್ತಾರೆ. ಆ ಬೆಂಕಿಯೂ ಸೈತಾನನಿಗೂ ಅವನ ದೂತರಿಗೂ ಸಿದ್ಧಮಾಡಿದ್ದೆಂದು ಅಲ್ಲಿ ಹೇಳಿದೆ. ಮನುಷ್ಯನಿಗಾಗಿ ಸಿದ್ಧಮಾಡಿದ್ದು ರಾಜ್ಯವನ್ನು.

ನಮ್ಮ ಮೆಥೋಡಿಸ್ಟ್ ಸಭೆಗಳ ಮೂಲಪುರುಷ ಜಾನ್ ವೆಸ್ಲಿ 1758ರ ಮಾರ್ಚ್ 10ರಂದು ಇಂಗ್ಲೆಂಡಿನ ಬೆಡ್‌ಫರ್ಡ್ ಊರಿನಲ್ಲಿ, ಸಂಚಾರಿ ನ್ಯಾಯಾಲಯ ಕೂಡಿದ್ದ ಸಂದರ್ಭದಲ್ಲಿ, ನ್ಯಾಯಾಧೀಶರ ಎದುರಿಗೇ ಈ ಮಹಾವಿಚಾರಣೆಯ ಕುರಿತು ಪ್ರಸಂಗ ಮಾಡಿದನು. ತೀರ್ಪು ಕೊಡುವವರೂ ತೀರ್ಪಿಗೆ ನಿಲ್ಲಬೇಕೆಂಬುದನ್ನು ಅವರ ಮುಖ ನೋಡಿ ಹೇಳಿದ್ದು ನನಗೆ ಬಹಳ ಹಿಡಿಸುತ್ತದೆ. ತಂದೆಯು ನ್ಯಾಯತೀರಿಸುವ ಅಧಿಕಾರವನ್ನು ಯಾವ ದೂತನಿಗೂ ಕೊಡದೆ, ಮನುಷ್ಯಕುಮಾರನೆಂಬ ಕಾರಣಕ್ಕೆ ಮಗನಿಗೆ ಕೊಟ್ಟನೆಂದು ಯೋಹಾನನ ಐದನೆಯ ಅಧ್ಯಾಯ ಹೇಳುತ್ತದೆ. ನಿನ್ನೆ ನಾವು ಕೇಳಿದ ಕಥೆಯಲ್ಲಿ, ಇವನಲ್ಲಿ ತಪ್ಪು ಕಾಣುವುದಿಲ್ಲ ಎಂದು ಹೇಳಿಯೂ ರೋಮನ್ ಅಧಿಪತಿ ಪಿಲಾತನು ಮರಣಕ್ಕೆ ಒಪ್ಪಿಸಿದ್ದು ಆತನನ್ನೇ. ಸುಳ್ಳು ಸಾಕ್ಷಿಯೆಂದರೇನು, ಜನಜಂಗುಳಿಗೆ ಹೆದರಿ ಬರೆದ ತೀರ್ಪೆಂದರೇನು ಎಂಬುದನ್ನು ಮೈಮೇಲೆ ಅನುಭವಿಸಿದವನ ಕೈಯಲ್ಲಿ ನನ್ನ ವಿಚಾರಣೆ ಇದೆ ಎಂಬುದನ್ನು ನಾಳೆ ಆ ಯುವಕರಿಗೆ ಹೇಳಬೇಕೆಂದಿದ್ದೇನೆ.

ಓದುವುದಕ್ಕೆ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹದಿನೈದನೆಯ ಅಧ್ಯಾಯದಲ್ಲಿ ಇಪ್ಪತ್ತನೆಯ ವಚನದಿಂದ ಇಪ್ಪತ್ತಾರರವರೆಗೆ ಗುರುತು ಮಾಡಿಕೊಂಡಿದ್ದೇನೆ. ಅದರ ಮೊದಲು ತೊಂಬತ್ತಾರನೆಯ ಕೀರ್ತನೆಯನ್ನು ಎಲ್ಲರೂ ಕೂಡಿ ಓದುವಂತೆ ಸಭಾಪಾಲಕರ ಒಪ್ಪಿಗೆ ಪಡೆದಿದ್ದೇನೆ. ಅದೇ ಪತ್ರಿಕೆಯ ಆರನೆಯ ಅಧ್ಯಾಯದಲ್ಲಿ ನಾವು ದೇವದೂತರಿಗೂ ನ್ಯಾಯತೀರಿಸುವೆವೆಂದು ಪೌಲನು ಬರೆದಿರುವ ಮಾತನ್ನು ಒಬ್ಬ ಹುಡುಗ ಹುಡುಕಿ ತಂದು ಕೇಳಿದ್ದಾನೆ. ಅದು ನಸುಕಿನ ಆರಾಧನೆಯಲ್ಲಿ ತೀರುವ ವಿಷಯವಲ್ಲ, ಮುಂದಿನ ವಾರದ ಅಧ್ಯಯನ ಕೂಟಕ್ಕೆ ಇಟ್ಟುಕೊಂಡಿದ್ದೇನೆ.